ಏಳು ಸಲ ಕಂದಾಯ ಕಟ್ಟಿದ ಮೇಲೆ: ನಮ್ಮ ಪಂಚಾಯಿತಿಯ ಕೌಂಟರ್ ಬಗ್ಗೆ

ಈ ವರ್ಷದ ರಶೀದಿಯನ್ನು ಎದುರಿಗೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಮನೆ ಕಂದಾಯ 1,500 ರೂಪಾಯಿ. ಆರೋಗ್ಯ ಕರ 225. ಶಿಕ್ಷಣ ಕರ 150. ಗ್ರಂಥಾಲಯ ಕರ 90. ಭಿಕ್ಷುಕರ ಕರ 45. ನೀರಿನ ದರ ತಿಂಗಳಿಗೆ 100ರಂತೆ 1,200. ಒಟ್ಟು 3,210. ಒಂದೊಂದು ಸಾಲೂ ಬೇರೆ ಬೇರೆಯಾಗಿ ಅಚ್ಚಾಗಿದೆ. ಇಂಥ ರಶೀದಿ ಕೈಗೆ ಬರುವುದಕ್ಕೆ ನಮಗೆ ಎಷ್ಟು ಸಭೆ, ಎಷ್ಟು ಮಾತು ಬೇಕಾಯಿತು ಅನ್ನುವುದು ಲೇಔಟಿಗೆ ಹೊಸದಾಗಿ ಬರುವವರಿಗೆ ಗೊತ್ತಿಲ್ಲ. ಅವರಿಗಾಗಿಯೇ ಬರೆಯುತ್ತಿದ್ದೇನೆ.

ನಾವಿರುವುದು ತುಮಕೂರಿನಿಂದ ಗುಬ್ಬಿ ಕಡೆ ಹೋಗುವ ರಸ್ತೆಯಿಂದ ಒಂದಷ್ಟು ಒಳಗೆ. ಮಹಾನಗರ ಪಾಲಿಕೆಯ ಗಡಿ ಅಲ್ಲಿಗೆ ಮುಗಿದು ಗ್ರಾಮ ಪಂಚಾಯಿತಿ ಶುರುವಾಗುತ್ತದೆ. ಪಂಚಾಯಿತಿಯ ಹೆಸರು ಬರೆಯುವುದಿಲ್ಲ. ನನಗೆ ಒಂದೆರಡು ಬೇಸರಗಳಿವೆ, ಅವನ್ನೂ ಹೇಳಬೇಕು. ಹೆಸರು ಹಾಕಿದರೆ ಅಲ್ಲಿ ನಿಯತ್ತಾಗಿ ಕೆಲಸ ಮಾಡುವವರಿಗೂ ನೋವಾಗುತ್ತದೆ. ನಾನು ಮಧುಗಿರಿ, ಕೊರಟಗೆರೆ ಕಡೆಯ ಸರ್ಕಾರಿ ಹೈಸ್ಕೂಲುಗಳಲ್ಲಿ 31 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು. ನಮ್ಮ ಯಜಮಾನರು ಸಾರಿಗೆ ಬಸ್ಸಿನಲ್ಲಿ ಡ್ರೈವರ್ ಆಗಿದ್ದರು. ಇಬ್ಬರ ನಿವೃತ್ತಿ ದುಡ್ಡು ಸೇರಿಸಿ 30–40 ಸೈಟಿನಲ್ಲಿ ಒಂದು ಮನೆ ಕಟ್ಟಿಕೊಂಡೆವು. 2018ರ ಶ್ರಾವಣದಲ್ಲಿ ಗೃಹಪ್ರವೇಶ.

ಆಗ 140 ಸೈಟಿನ ಲೇಔಟಿನಲ್ಲಿ ಇದ್ದದ್ದು 7 ಮನೆ. ಅದಕ್ಕೂ ಹಿಂದೆ ಅದು ರಾಗಿ ಹೊಲ, ಒಂದು ಮೂಲೆಗೆ ಮಾವಿನ ತೋಪು. ಕಂಬ ಇತ್ತು, ಬಲ್ಬ್ ಇರಲಿಲ್ಲ. ಚರಂಡಿ ಅಂತ ಗೆರೆ ಎಳೆದಿದ್ದರು, ಅಗೆದಿರಲಿಲ್ಲ. ಪಾರ್ಕ್ ಅಂತ ಬೋರ್ಡ್ ಇದ್ದ ಜಾಗದಲ್ಲಿ ಜಾಲಿ ಗಿಡ ಆಳೆತ್ತರ ಬೆಳೆದಿತ್ತು. ಬೆಳಿಗ್ಗೆ ನವಿಲು ಬರುತ್ತಿದ್ದವು, ರಾತ್ರಿ ಹಾವು. ಲೇಔಟ್ ಮಾಡಿದವರು ಕೊರೆಸಿದ್ದ ಬೋರ್‌ವೆಲ್ ಮೊದಲ ಬೇಸಿಗೆಯಲ್ಲೇ ಬತ್ತಿತು. ಅವರ ಫೋನೂ ಅದರ ಜೊತೆಗೇ ನಿಂತಿತು. ಏಳೂ ಮನೆಯವರು ದುಡ್ಡು ಹಾಕಿ ಟ್ಯಾಂಕರ್ ತರಿಸುತ್ತಿದ್ದೆವು. ಸಂಜೆ ಏಳಾದರೆ ಯಾರೂ ಒಬ್ಬರೇ ಆಚೆ ಹೋಗುತ್ತಿರಲಿಲ್ಲ. ಎಲ್ಲಿಗಾದರೂ ಹೋಗಬೇಕಾದರೆ ಪಕ್ಕದ ಮನೆಯ ಹುಡುಗ ಟಾರ್ಚ್ ಹಿಡಿದು ಜೊತೆಗೆ ಬರುತ್ತಿದ್ದ.

ಇಂಥ ಹೊತ್ತಿನಲ್ಲಿ, 2019ರ ಫೆಬ್ರವರಿಯಲ್ಲಿ, ಒಂದು ಬೆಳಿಗ್ಗೆ ಒಬ್ಬರು ಬೈಕಿನಲ್ಲಿ ಬಂದರು. ಕೈಯಲ್ಲಿ ರಶೀದಿ ಪುಸ್ತಕ. 'ಕಂದಾಯ ಬಾಕಿ ಇದೆ ಅಮ್ಮ, 5,000 ಕೊಡಿ' ಎಂದರು. ಯಾವುದಕ್ಕೆ ಎಷ್ಟು ಎಂದು ಕೇಳಿದೆ. 'ಎಲ್ಲಾ ಸೇರಿ' ಎಂದರು. ಬಿಡಿಸಿ ಹೇಳಿ ಎಂದೆ. 'ಆಫೀಸಲ್ಲಿ ಕೇಳ್ಕೊಳ್ಳಿ' ಎಂದು ಹೊರಟೇಬಿಟ್ಟರು. ನಾನು ಕೊಡಲಿಲ್ಲ. ಆದರೆ ಉಳಿದ ಆರು ಮನೆಯಲ್ಲಿ ಇಬ್ಬರು ಕೊಟ್ಟಿದ್ದರು. ಅವರಿಗೆ ಸಿಕ್ಕಿದ್ದು ಬಾಲ್‌ಪೆನ್ನಿನಲ್ಲಿ ಒಟ್ಟು ಮೊತ್ತ ಗೀಚಿದ ಒಂದು ಚೀಟಿ.

ಮಾರನೆಯ ದಿನ ಪಂಚಾಯಿತಿಗೆ ಹೋದೆ. ನಾನು ಈ ಕೌಂಟರನ್ನು ನೋಡಿದ್ದು ಅವತ್ತೇ ಮೊದಲು. ಹೊರಗೆ ಒಂದು ಹೊಂಗೆ ಮರ, ಅದರ ಕೆಳಗೆ ಕಲ್ಲು ಬೆಂಚು. ಒಳಗೆ ಎಡಗಡೆಗೆ ಬಾಪೂಜಿ ಸೇವಾ ಕೇಂದ್ರ ಅಂತ ಬೋರ್ಡ್. ಈ ಕೇಂದ್ರಗಳನ್ನು 2016ರಲ್ಲಿ ರಾಜ್ಯದ ಪಂಚಾಯಿತಿಗಳಲ್ಲಿ ಶುರು ಮಾಡಿದರು. ಪಹಣಿ ಸಿಗುತ್ತದೆ, ಮನೆ ಕಂದಾಯ ಕಟ್ಟಿಸಿಕೊಳ್ಳುತ್ತಾರೆ, ಇನ್ನೂ ಏನೇನೋ ಅರ್ಜಿ ತೆಗೆದುಕೊಳ್ಳುತ್ತಾರೆ. ಕಂಪ್ಯೂಟರ್ ಮುಂದೆ ಒಬ್ಬ ಹುಡುಗಿ ಕೂತಿದ್ದಳು. ಡೇಟಾ ಎಂಟ್ರಿ ಆಪರೇಟರ್. ವಯಸ್ಸು ನನ್ನ ಹಳೇ ವಿದ್ಯಾರ್ಥಿನಿಯರಷ್ಟೇ. 'ಕೂತ್ಕೊಳ್ಳಿ ಟೀಚರಮ್ಮ' ಎಂದು ಕುರ್ಚಿ ಎಳೆದು ಹಾಕಿದಳು. ನಾನು ಟೀಚರ್ ಅಂತ ಹೇಗೆ ಗೊತ್ತಾಯಿತೋ, ಅವತ್ತಿನಿಂದ ಆ ಊರಿಗೆಲ್ಲ ನಾನು ಟೀಚರಮ್ಮನೇ.

ಅವಳು ಒಂದು ಹಾಳೆ ತೆಗೆದುಕೊಂಡು ಬರೆದು ತೋರಿಸಿದಳು. ಈ ವರ್ಷದ ಮನೆ ಕಂದಾಯ 1,200. ಅದರ ಮೇಲೆ ನೂರಕ್ಕೆ 34 ಕರ. ಆ 34ರಲ್ಲಿ ಆರೋಗ್ಯಕ್ಕೆ 15, ಶಿಕ್ಷಣಕ್ಕೆ 10, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ಅಲ್ಲಿಗೆ 408, ಒಟ್ಟು 1,608. ಇನ್ನು ಮನೆ ಕಟ್ಟುವ ಮೊದಲಿನ ಮೂರು ವರ್ಷ ಸೈಟು ಖಾಲಿ ಇದ್ದದ್ದಕ್ಕೆ ವರ್ಷಕ್ಕೆ 402ರಂತೆ 1,206. ಎಲ್ಲಾ ಕೂಡಿಸಿದರೆ 2,814. ನೀರಿನ ದರ? 'ನಲ್ಲಿನೇ ಇಲ್ವಲ್ಲಮ್ಮ, ಅದನ್ನ ಯಾಕೆ ಹಾಕಲಿ' ಎಂದಳು. 5,000 ಎಲ್ಲಿಂದ ಬಂತು ಅಂತ ಆಗ ಅರ್ಥವಾಯಿತು. ನಲ್ಲಿಯೇ ಇಲ್ಲದ ಮನೆಗೆ ನೀರಿನ ದರ ಸೇರಿಸಿದ್ದರು, ಬಾಕಿಯನ್ನು ಅಂದಾಜಿನಲ್ಲಿ ಹಾಕಿದ್ದರು. ಮನೆ ಬಾಗಿಲಿಗೆ ಬಂದವರ ಮೇಲೆ ನನಗೆ ಇರುವ ಬೇಸರ ಇಷ್ಟೇ. ಆದರೆ ಇದು ಸಣ್ಣದಲ್ಲ. ಚೀಟಿ ತೆಗೆದುಕೊಂಡ ಇಬ್ಬರಲ್ಲಿ ಒಬ್ಬರು ಗಾರೆ ಕೆಲಸದವರು. 5,000 ಅಂದರೆ ಅವರಿಗೆ ಒಂದು ವಾರದ ದುಡಿಮೆ. ಅವರನ್ನೂ ಕರೆದುಕೊಂಡು ಹೋದೆ. ಹೆಚ್ಚಿಗೆ ಕೊಟ್ಟಿದ್ದನ್ನು ಮುಂದಿನ ವರ್ಷದ ಲೆಕ್ಕಕ್ಕೆ ಜಮಾ ಮಾಡಿಸಿಕೊಟ್ಟರು.

ನನ್ನ ಪ್ರಕಾರ ಈ ಕೌಂಟರಿನ ದೊಡ್ಡ ಗುಣ ಆ ಹಾಳೆ. ಕೇಳಿದರೆ ಸಾಲು ಸಾಲು ಬಿಡಿಸಿ ಹೇಳುತ್ತಾರೆ, ಬರೆದು ಕೊಡುತ್ತಾರೆ. ಈ ಏಳು ವರ್ಷದಲ್ಲಿ ಆಪರೇಟರ್ ಎರಡು ಸಲ ಬದಲಾಗಿದ್ದಾರೆ. ಆ ಅಭ್ಯಾಸ ಮಾತ್ರ ಉಳಿದಿದೆ. ಈಗ ರಶೀದಿಯಲ್ಲೇ ಅಚ್ಚಾಗಿ ಬರುತ್ತದೆ, ಆದರೂ ವಯಸ್ಸಾದವರು ಬಂದರೆ ಬೆರಳಿಟ್ಟು ಓದಿ ಹೇಳುತ್ತಾರೆ.

ಇನ್ನು 2019ರ ಗ್ರಾಮ ಸಭೆ. ಅದನ್ನು ಹೇಳದೆ ಕೌಂಟರಿನ ವಿಚಾರ ಪೂರ್ತಿಯಾಗುವುದಿಲ್ಲ.

ಗ್ರಾಮ ಸಭೆಯನ್ನು ಆರು ತಿಂಗಳಿಗೆ ಒಂದಾದರೂ ನಡೆಸಬೇಕು ಅಂತ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಅದನ್ನು ಹತ್ತನೇ ತರಗತಿ ಮಕ್ಕಳಿಗೆ ಎಷ್ಟೋ ಸಲ ಬರೆಸಿದ್ದೆ. ನಾನೇ ಹೋಗಿ ಕೂತದ್ದು ಅದೇ ಮೊದಲು. ಸಭೆ ಊರಿನ ಶಾಲೆಯ ಮುಂದೆ, ಶಾಮಿಯಾನದ ಕೆಳಗೆ. ಒಂದು ಕಡೆ ಊರಿನವರು, ಇನ್ನೊಂದು ಕಡೆ 'ಸೈಟಿನೋರು'. ನಮ್ಮನ್ನು ಅವರು ಹಾಗೇ ಕರೆಯುತ್ತಿದ್ದರು. ನಾವು ಬರೀ ಹನ್ನೊಂದು ಜನ.

ನಮ್ಮ ಕಡೆಯಿಂದ ಬ್ಯಾಂಕಿನಿಂದ ರಿಟೈರ್ ಆದ ಒಬ್ಬರು ಎದ್ದರು. ದೀಪ ಇಲ್ಲ, ನೀರಿಲ್ಲ, ಚರಂಡಿ ಇಲ್ಲ, ಕಂದಾಯ ಮಾತ್ರ ಯಾಕೆ? ಮೊದಲು ಸೌಲಭ್ಯ ಕೊಡಿ, ಆಮೇಲೆ ಕೇಳಿ ಎಂದರು. ನಾವು ಚಪ್ಪಾಳೆ ತಟ್ಟಿದೆವು. ಊರಿನ ಹೆಂಗಸೊಬ್ಬರು ತಕ್ಷಣ ಎದ್ದು, 'ನಮ್ ಕೇರೀಲಿ ದೀಪ ಇಲ್ದಾಗ್ಲೂ ನಾವು ಕಟ್ಟಿಲ್ವಾ? ನೀವು ಬಂದ್ ಮೇಲೆ ನಿಮ್ ಮನೆ ಕೊಚ್ಚೆ ನೀರು ನಮ್ ಹೊಲಕ್ಕೆ ಹರೀತಾ ಇದೆ. ಅದಕ್ಕೆ ಯಾರ್ ಕೊಡ್ತಾರೆ?' ಎಂದು ಕೇಳಿದರು. ಅದು ನಿಜವಾಗಿತ್ತು. ನಮ್ಮ ಬಚ್ಚಲು ನೀರು ಇಳಿಜಾರಿನಲ್ಲಿ ಹರಿದು ಅವರ ರಾಗಿ ಹೊಲದ ಬದುವಿಗೆ ಹೋಗಿ ನಿಲ್ಲುತ್ತಿತ್ತು. ನಾವು ಯಾರೂ ಅದನ್ನು ಹೋಗಿ ನೋಡಿರಲಿಲ್ಲ.

ಆಮೇಲೆ ಒಬ್ಬ ಅಜ್ಜ ಕೂತಲ್ಲಿಂದಲೇ ಮಾತಾಡಿದರು. ಕೆರೆಯ ಕೆಳಗೆ ಗದ್ದೆ ಇರುವವರು. 'ನಾವು ಹುಡುಗರಾಗಿದ್ದಾಗ ಬೇಸಿಗೇಲಿ ಕೆರೆ ಹೂಳು ಎತ್ತೋಕೆ ಮನೆಗೊಂದಾಳು ಹೋಗ್ಬೇಕಿತ್ತು. ಹೋಗ್ದಿದ್ರೆ ಊರ ಮುಂದೆ ಹೇಳ್ಬೇಕಿತ್ತು ಯಾಕ್ ಬರಲಿಲ್ಲ ಅಂತ. ಅದೂ ಕಂದಾಯಾನೇ ಕಣವ್ವ. ಆ ಕೆರೆ ತುಂಬಿದ್ರೇನೆ ನಿಮ್ ಬೋರಲ್ಲಿ ನೀರು' ಎಂದರು. ಅವರು ಹೇಳಿದ್ದು ನನ್ನನ್ನೇ ನೋಡಿಕೊಂಡು.

ಆಗ ನಾನೂ ಎದ್ದೆ. ಪಾಠ ಮಾಡುತ್ತಿದ್ದಾಗ ಓದಿದ್ದು ನೆನಪಿತ್ತು. ಹಿಂದೆ ಈ ನಾಡಿನಲ್ಲಿ ಹೊಸ ಪೇಟೆ, ಹೊಸ ಊರು ಕಟ್ಟಿಸುವಾಗ ಬಂದು ನೆಲೆಸುವವರಿಗೆ ಕೌಲು, ಅಂದರೆ ರಿಯಾಯಿತಿಯ ಒಪ್ಪಂದ, ಕೊಡುತ್ತಿದ್ದರು. ಮೊದಲ ಕೆಲವು ವರ್ಷ ಸುಂಕ ಬಿಡುತ್ತಿದ್ದರು ಅಥವಾ ಕಡಿಮೆ ಮಾಡುತ್ತಿದ್ದರು. ಬೇರೂರಿದ ಮೇಲೆ ಪೂರ್ತಿ ಕೇಳುತ್ತಿದ್ದರು. ಇದು ನಾನು ಕಟ್ಟಿ ಹೇಳಿದ ಕಥೆಯಲ್ಲ, ಶಾಸನಗಳಲ್ಲಿ ಇರುವ ಮಾತು. ನಮ್ಮ ತುಮಕೂರು ಜಿಲ್ಲೆಯ ಶಾಸನಗಳಿಗೇ ಒಂದು ದೊಡ್ಡ ಸಂಪುಟ ಇದೆ. ಬಿ. ಎಲ್. ರೈಸ್ 1904ರಲ್ಲಿ ತಂದದ್ದು, ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ 12ನೇ ಸಂಪುಟ. ಮಕ್ಕಳನ್ನು ಕೈದಾಳದ ಚೆನ್ನಕೇಶವ ದೇವಸ್ಥಾನಕ್ಕೆ ಕರೆದುಕೊಂಡು ಹೋಗುವಾಗಲೆಲ್ಲ ಕಲ್ಲಿನ ಮೇಲಿನ ಬರಹವೂ ಒಂದು ಥರ ಸರ್ಕಾರಿ ದಾಖಲೆಯೇ ಅಂತ ಹೇಳುತ್ತಿದ್ದೆ. ಹಳೇ ಶಾಸನಗಳಲ್ಲಿ ಎಷ್ಟೊಂದು ತೆರಿಗೆಯ ಹೆಸರು ಬರುತ್ತದೆ. ಮನೆಗೆ ಮನೆವಣ. ಮಗ್ಗಕ್ಕೆ ಮಗ್ಗದೆರೆ. ಗಾಣಕ್ಕೆ ಗಾಣದೆರೆ. ವರ್ಷಕ್ಕೆ ಇಷ್ಟು ಅಂತ ಗೊತ್ತು ಮಾಡಿದ್ದು ಸಿದ್ಧಾಯ. ಮದುವೆಗೂ ಸುಂಕ ಇತ್ತು.

ಇದನ್ನೆಲ್ಲ ಹೇಳಿ, ನಮಗೂ ಎರಡು ಮೂರು ವರ್ಷ ಕೌಲು ಕೊಟ್ಟ ಹಾಗೆ ಕಂದಾಯ ಬಿಡಿ ಎಂದು ಕೇಳಿದೆ. ನನಗೆ ಅದು ನ್ಯಾಯ ಅನ್ನಿಸಿತ್ತು.

ಅದೇ ಅಜ್ಜ ಕೇಳಿದರು: 'ಬಿಟ್ಟಿದ್ದು ಸರಿ ತಾಯಿ. ಸುಮ್ನೆ ಬಿಟ್ರಾ? ಏನಾದ್ರೂ ಮಾಡಿ ಅಂದಿದ್ರೋ?'

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಸುಮ್ನೆ ಬಿಡುತ್ತಿರಲಿಲ್ಲ. ಕಾಡು ಕಡಿದು ಹೊಲ ಮಾಡಿ, ಕೆರೆ ಕಟ್ಟಿ, ಪೇಟೆ ತುಂಬಿಸಿ ಅಂತ ಇರುತ್ತಿತ್ತು. ಕೆರೆ ಕಟ್ಟಿಸಿದವರಿಗೆ, ಕೆರೆ ನೋಡಿಕೊಳ್ಳುವವರಿಗೆ ಭೂಮಿ ಬಿಟ್ಟುಕೊಡುವುದಕ್ಕೆ ಕಟ್ಟುಕೊಡಗೆ ಅಂತಲೇ ಹೆಸರು. ಅಂದರೆ ದುಡ್ಡಿನ ಬದಲು ದುಡಿಮೆ. ಸಭೆಯಲ್ಲಿ ನಿಂತುಕೊಂಡೇ ಅದನ್ನು ಒಪ್ಪಿಕೊಂಡೆ. ನಾವು ಏಳು ಮನೆಯವರು ಆ ಊರಿಗಾಗಿ ಅದುವರೆಗೆ ಒಂದು ಬುಟ್ಟಿ ಮಣ್ಣೂ ಹೊತ್ತಿರಲಿಲ್ಲ. ಮಾತು ಅಲ್ಲಿಂದ ಬೇರೆ ದಾರಿ ಹಿಡಿಯಿತು.

ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಬೇಡಿಕೆ ವಹಿ ತರಿಸಿದರು. ಯಾರ್ಯಾರು ಎಷ್ಟು ಕಟ್ಟಬೇಕು, ಎಷ್ಟು ಕಟ್ಟಿದ್ದಾರೆ ಅನ್ನುವ ಪುಸ್ತಕ ಅದು. ಕೌಂಟರಿನ ಹುಡುಗಿಯೇ ಮೈಕಿನಲ್ಲಿ ಓದಿದಳು. ನಮ್ಮ ಲೇಔಟಿನ 140 ಸೈಟಿನಲ್ಲಿ ಕಂದಾಯ ಕಟ್ಟಿದ್ದು 22. ಉಳಿದ 118 ಬಾಕಿ. ಆ 118ರಲ್ಲಿ ಮನೆ ಕಟ್ಟಿಕೊಂಡು ವಾಸ ಇದ್ದವರು ನಾವು ಐದು ಜನ ಮಾತ್ರ. ಮಿಕ್ಕಿದ್ದೆಲ್ಲ ಖಾಲಿ ಸೈಟು. ಬೆಂಗಳೂರಿನಲ್ಲಿ ಇದ್ದುಕೊಂಡು ರೇಟು ಏರಲಿ ಅಂತ ಕಾಯುತ್ತಿರುವವರದ್ದು.

ಊರಿನವರೂ ನಾವೂ ಒಂದೇ ಕಡೆ ತಿರುಗಿ ನೋಡಿದ್ದು ಅದೇ ಮೊದಲು. ಬೇಸಾಯದ ಕಂದಾಯಕ್ಕೆ ಸೇರದ ಜಾಗ ಖಾಲಿ ಇದ್ದರೂ ಪಂಚಾಯಿತಿ ಅದಕ್ಕೆ ತೆರಿಗೆ ಹಾಕಬಹುದು. ಅದೇ ಪಂಚಾಯತ್ ರಾಜ್ ಕಾಯ್ದೆಯ 199ನೇ ಕಲಂ ಹೇಳುವುದು ಅದನ್ನೇ. ಕಟ್ಟಡಕ್ಕೆ, ಬೇಸಾಯಕ್ಕಲ್ಲದ ಜಾಗಕ್ಕೆ ತೆರಿಗೆ. ಅದೇ ಕಲಮಿನಲ್ಲಿ ನೀರಿನ ದರ, ಜಾಹೀರಾತು ಫಲಕದ ತೆರಿಗೆ, ಸಂತೆಯ ಶುಲ್ಕ, ಬಸ್ ನಿಲ್ದಾಣದ ಶುಲ್ಕ, ಗೋಮಾಳದಲ್ಲಿ ದನ ಮೇಯಿಸುವ ಶುಲ್ಕ ಎಲ್ಲಾ ಬರುತ್ತದೆ. ಶಾಸನದ ಮನೆವಣದ ಪಕ್ಕ ಇಟ್ಟು ಓದಿದರೆ ನನಗೆ ತುಂಬಾ ಖುಷಿಯಾಗುತ್ತದೆ. ಮನೆ, ನೀರು, ಸಂತೆ, ದನ. ಊರು ಅಂದರೆ ಆಗಲೂ ಇವೇ, ಈಗಲೂ ಇವೇ.

ಕೊನೆಗೆ ಆದ ತೀರ್ಮಾನ ಹೀಗೆ. ವಾಸ ಇರುವವರು ಆ ವರ್ಷದ್ದನ್ನು ಪೂರ್ತಿ ಕಟ್ಟುವುದು, ಹಳೇ ಬಾಕಿಯನ್ನು ಎರಡು ಕಂತಿನಲ್ಲಿ. ಖಾಲಿ ಸೈಟಿನವರಿಗೆಲ್ಲ ಅಂಚೆಯಲ್ಲಿ ನೋಟಿಸ್. ಬಾಕಿ ಬಂದ ಹಾಗೆ ಮೊದಲು 12 ಕಂಬಕ್ಕೆ ಬಲ್ಬ್, ಆಮೇಲೆ ಊರಿನ ಹೊಲದ ಕಡೆ ಚರಂಡಿ. ಬ್ಯಾಂಕಿನವರು ಮೊದಲು ಒಪ್ಪಲಿಲ್ಲ. ಮನೆಗೆ ಹೋಗಿ ಒಂದು ರಾತ್ರಿ ಯೋಚನೆ ಮಾಡಿ ಮಾರನೆಯ ದಿನ ತಾವೇ ಕೌಂಟರಿಗೆ ಬಂದು ಕಟ್ಟಿದರು. ನೋಟಿಸಿಗೆ ವಿಳಾಸ ಹುಡುಕುವುದಕ್ಕೆ ಹುಡುಗಿಗೆ ಮೂರು ದಿನ ಸಹಾಯ ಮಾಡಿದ್ದೂ ಅವರೇ. ಬಲ್ಬ್ ಬಂದದ್ದು ಅಕ್ಟೋಬರಿನಲ್ಲಿ, ದೀಪಾವಳಿಗೆ ಮೊದಲು. ಆ ಸಂಜೆ ನಾವು ಏಳೂ ಮನೆಯವರು ಸುಮ್ನೆ ರಸ್ತೆಯಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡಿದೆವು.

ಈಗ ಕೌಂಟರಿನ ಬಗ್ಗೆ ಕಷ್ಟದ ಮಾತು.

2021ರಲ್ಲಿ ನಮ್ಮ ದಾಖಲೆಯನ್ನು ಕಂಪ್ಯೂಟರಿಗೆ ಹೊಸದಾಗಿ ಏರಿಸುವಾಗ ಮನೆಯ ಅಳತೆ ತಪ್ಪಾಯಿತು. ನಮ್ಮದು 850 ಚದರ ಅಡಿ. ಅಲ್ಲಿ 1,050 ಅಂತ ಆಯಿತು. ಚಕ್ಕುಬಂದಿಯಲ್ಲಿ, ಅಂದರೆ ಸೈಟಿನ ನಾಲ್ಕು ದಿಕ್ಕಿನ ಎಲ್ಲೆಯಲ್ಲಿ, ಪೂರ್ವ ಪಶ್ಚಿಮ ಅದಲು ಬದಲು. ಬರೆದ ತಪ್ಪು ಅವರದ್ದು, ಸರಿ ಮಾಡಿಸುವ ಓಡಾಟ ನಮ್ಮದು. ನಾಲ್ಕು ತಿಂಗಳು ಹಿಡಿಯಿತು. ಒಂದು ಸಲ ಅರ್ಜಿ ಕಳೆದುಹೋಗಿದೆ ಎಂದರು. ಇನ್ನೊಂದು ಸಲ ಸ್ಥಳ ಪರಿಶೀಲನೆಗೆ ಬರುವವರು ರಜೆ ಎಂದರು. ಸರ್ವರ್ ಇಲ್ಲ ಅಂತ ವಾಪಸ್ ಬಂದದ್ದಕ್ಕೆ ಲೆಕ್ಕವಿಲ್ಲ. ನನಗೆ ಪಿಂಚಣಿ ಬರುತ್ತದೆ, ಓಡಾಡಲು ಪುರುಸೊತ್ತಿದೆ. ದಿನಗೂಲಿಯವರು ಏನು ಮಾಡಬೇಕು? ಅರ್ಜಿ ಕೊಟ್ಟ ತಕ್ಷಣ ಸ್ವೀಕೃತಿ ಕೇಳಿ ಪಡೆದುಕೊಳ್ಳಬೇಕು ಅಂತ ನಾನು ಕಲಿತದ್ದು ಆಗಲೇ. ಕೇಳದಿದ್ದರೆ ಅವರಾಗಿ ಕೊಡುವುದಿಲ್ಲ. ಇದು ಬದಲಾಗಲೇಬೇಕು.

ಇನ್ನೊಂದು ಹಿಂದಿನ ಎರಡು ಸಾಲಿನವರ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಸೈಟ್ ತೆಗೆದುಕೊಳ್ಳುವವರಿಗೆ ಬೇಕಾಗುತ್ತದೆ. ಲೇಔಟಿನ ಮುಂದಿನ ಭಾಗಕ್ಕೆ ಭೂ ಪರಿವರ್ತನೆ, ಅಂದರೆ ಬೇಸಾಯದ ಜಮೀನು ಮನೆ ಕಟ್ಟುವ ಜಾಗ ಅಂತ ಬದಲಾಗಿದ್ದು, ಆಗಿದೆ, ನಕ್ಷೆಗೆ ಅನುಮೋದನೆ ಇದೆ. ಹಾಗಾಗಿ ನಮಗೆ ಇ-ಸ್ವತ್ತಿನಲ್ಲಿ, ಅಂದರೆ ಪಂಚಾಯಿತಿ ಆಸ್ತಿಗಳ ಕಂಪ್ಯೂಟರ್ ದಾಖಲೆಯಲ್ಲಿ, ನಮೂನೆ 9 ಮತ್ತು 11ಎ ಬರುತ್ತದೆ. ಹಿಂದಿನ ಎರಡು ಸಾಲು ರೆವಿನ್ಯೂ ಸೈಟು, ಅಂದರೆ ಪರಿವರ್ತನೆ, ಅನುಮೋದನೆ ಇಲ್ಲದ್ದು. ಅವರಿಗೆ ಬರುವುದು 11ಬಿ. ಅವರೂ ಕಂದಾಯ ಕಟ್ಟುತ್ತಾರೆ. ಆದರೆ ಕಂದಾಯ ಕಟ್ಟಿದ ಮಾತ್ರಕ್ಕೆ ಸೈಟು ಸಕ್ರಮ ಆಗುವುದಿಲ್ಲ. ಸೈಟ್ ಮಾರುವವರು ಇದನ್ನು ಹೇಳುವುದಿಲ್ಲ. 'ಕಂದಾಯ ರಶೀದಿ ಇದೆಯಲ್ಲ, ಎಲ್ಲಾ ಸರಿ ಇದೆ' ಅಂತ ತೋರಿಸಿ ಕೊಟ್ಟುಬಿಡುತ್ತಾರೆ. ಹಾಗೆ ತೆಗೆದುಕೊಂಡ ಒಬ್ಬ ತಾಯಿ ಕೌಂಟರಿನ ಮುಂದೆ ಅತ್ತದ್ದನ್ನು ನಾನೇ ನೋಡಿದ್ದೇನೆ. ಈಗಿನ ಆಪರೇಟರ್ ಒಂದು ಒಳ್ಳೆ ಕೆಲಸ ಮಾಡಿದ್ದಾರೆ. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದಾರೆ: 'ಸೈಟು ಕೊಳ್ಳುವ ಮುಂಚೆ ಇಲ್ಲಿ ಬಂದು ಕೇಳಿ. ನಮೂನೆ 9 ಬೇರೆ, 11ಬಿ ಬೇರೆ.' ಹೀಗೆ ಬರೆಯಲು ಅವರಿಗೆ ಯಾರೂ ಹೇಳಿರಲಿಲ್ಲ. ನನಗೆ ಅವರ ಮೇಲೆ ಗೌರವ ಹೆಚ್ಚಾದದ್ದು ಆ ಹಾಳೆ ನೋಡಿ.

ನೀರಿನ ವಿಚಾರವೂ ಹೇಳಿಬಿಡುತ್ತೇನೆ. ಮನೆ ಮನೆಗೆ ಗಂಗೆ ಯೋಜನೆಯಲ್ಲಿ ನಮಗೂ ನಲ್ಲಿ ಬಂತು. ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕು ಅನ್ನುವುದು ಯೋಜನೆಯ ಅಳತೆ. ನಮಗೆ ದಿನ ಬಿಟ್ಟು ದಿನ ಬರುತ್ತದೆ, ಎರಡು ಗಂಟೆ ಹೊತ್ತು. ಮೀಟರ್ ಇಲ್ಲ, ಹಾಗಾಗಿ ಇಬ್ಬರೇ ಇರುವ ನಾವೂ, ಎಂಟು ಜನ ಇರುವ ಮನೆಯವರೂ, ಕಾರು ತೊಳೆಯುವವರೂ ಕೊಡುವುದು ಒಂದೇ 100 ರೂಪಾಯಿ. ಇದು ನನಗೆ ಸರಿ ಕಾಣುವುದಿಲ್ಲ. ನಮ್ಮ ನೀರುಗಂಟಿಯವರನ್ನು ಮಾತ್ರ ಹೊಗಳಲೇಬೇಕು. ಬೆಳಗಿನ ಜಾವ ನಾಲ್ಕೂವರೆಗೆ ಬಂದು ವಾಲ್ವ್ ತಿರುಗಿಸುತ್ತಾರೆ. ಕರೆಂಟ್ ಕೈಕೊಟ್ಟರೆ ಮನೆ ಮನೆ ಮುಂದೆ ನಿಂತು ಹೇಳಿ ಹೋಗುತ್ತಾರೆ. ಹಬ್ಬಕ್ಕೆ ನಮ್ಮ ಮನೆಯಿಂದ ಅವರಿಗೆ ಒಬ್ಬಟ್ಟು ಹೋಗದೆ ಇರುವುದಿಲ್ಲ.

2022ರ ಗ್ರಾಮ ಸಭೆಯಲ್ಲಿ ಇನ್ನೊಂದು ವಿಷಯ ತಿಳಿಯಿತು. ಆಗ 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ ಕೇಂದ್ರದ ದುಡ್ಡು ಬರುತ್ತಿತ್ತಲ್ಲ, ಅದರಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರಿಗೆ ಮತ್ತು ನೈರ್ಮಲ್ಯಕ್ಕೇ ಹೋಗಬೇಕಿತ್ತು. ಉಳಿದ 40ರಲ್ಲಿ ಎಲ್ಲಾ ಹಳ್ಳಿಗೂ ಹಂಚಬೇಕಿತ್ತು. ಹಾಗಾಗಿ ನಮ್ಮ ಬೀದಿ ದೀಪ ಕೆಟ್ಟರೆ ನಾಳೆಯೇ ಹಾಕಿಸಬೇಕು ಅಂದರೆ ಪಂಚಾಯಿತಿಯ ಕೈಯಲ್ಲಿ ಇರುವುದು ನಾವು ಕಟ್ಟಿದ ಕಂದಾಯವೇ. ಇದನ್ನು ಯಾರಾದರೂ ನಮಗೆ 2018ರಲ್ಲಿಯೇ ಕೂರಿಸಿ ಹೇಳಿದ್ದರೆ ಅಷ್ಟು ಜಗಳ ಆಗುತ್ತಿರಲಿಲ್ಲ ಅಲ್ವಾ? ಸೌಲಭ್ಯ ಕೊಟ್ಟ ಮೇಲೆ ಕಂದಾಯ ಅಂತ ನಾವು, ಕಂದಾಯ ಕಟ್ಟಿದ ಮೇಲೆ ಸೌಲಭ್ಯ ಅಂತ ಅವರು. ಕೌಂಟರಿನಲ್ಲಿ ಖರ್ಚಿನ ಪಟ್ಟಿಯನ್ನೂ ಗೋಡೆಗೆ ಹಾಕಬೇಕು ಅಂತ ನಾನು ಎರಡು ಸಲ ಬರೆದು ಕೊಟ್ಟಿದ್ದೇನೆ. ಬಂದ ದುಡ್ಡಿನ ಲೆಕ್ಕ ಅಷ್ಟು ಚೆನ್ನಾಗಿ ಬಿಡಿಸಿ ಹೇಳುವವರು ಹೋದ ದುಡ್ಡಿನ ಲೆಕ್ಕವನ್ನು ಸಭೆಯಲ್ಲಿ ಒಂದೇ ಉಸಿರಿಗೆ ಓದಿ ಮುಗಿಸುತ್ತಾರೆ. ನನ್ನ ದೊಡ್ಡ ದೂರು ಇದೇ.

ಗ್ರಂಥಾಲಯ ಕರದ ಬಗ್ಗೆ ಒಂದು ಮಾತು. ನೂರಕ್ಕೆ 6 ಕೊಡುತ್ತೇವಲ್ಲ, ಲೈಬ್ರರಿ ಎಲ್ಲಿ ಅಂತ ಬ್ಯಾಂಕಿನವರು ಕೇಳಿದ್ದರು. ಕೌಂಟರಿನ ಎದುರಿಗೇ ಇತ್ತು. ಬೀಗ ಹಾಕಿರುತ್ತಿತ್ತು. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ಬಣ್ಣ ಹೊಡೆದು, ಮಕ್ಕಳಿಗೆ ಕೂರಲು ಚಿಕ್ಕ ಮೇಜು ಹಾಕಿದ್ದಾರೆ. ಎರಡು ಕಂಪ್ಯೂಟರ್ ಇವೆ. ನಾನು ಶನಿವಾರ ಮಧ್ಯಾಹ್ನ ಹೋಗಿ ಮಕ್ಕಳಿಗೆ ಓದಿಸುತ್ತೇನೆ. ಊರಿನ ಮಕ್ಕಳೂ ಬರುತ್ತಾರೆ, ಸೈಟಿನ ಮಕ್ಕಳೂ ಬರುತ್ತಾರೆ. ನಮ್ಮನ್ನು ಮೊದಲ ಸಭೆಯಲ್ಲಿ ಜೋರು ಮಾಡಿದ ಆ ಹೆಂಗಸಿನ ಮೊಮ್ಮಗಳು ತುಂಬಾ ಚೆನ್ನಾಗಿ ಓದುತ್ತಾಳೆ. ನನ್ನ 90 ರೂಪಾಯಿ ಎಲ್ಲಿ ಹೋಯಿತು ಅಂತ ನಾನು ಕಣ್ಣಾರೆ ನೋಡಬಹುದಾದ ಜಾಗ ಅದೊಂದೇ.

ಹೊಸಬರಿಗೆ ಬೇಕಾದ ವಿವರ. ಬೆಳಿಗ್ಗೆ ಹನ್ನೊಂದರ ಒಳಗೆ ಹೋಗಿ, ಮಧ್ಯಾಹ್ನದ ಮೇಲೆ ಸರ್ವರ್ ತುಂಬಾ ನಿಧಾನ. ಹೋದ ವರ್ಷದ ರಶೀದಿ ಇರಲಿ. ಅದರಲ್ಲಿರುವ ಸ್ವತ್ತಿನ ಸಂಖ್ಯೆ ಹಾಕಿದರೆ ಐದು ನಿಮಿಷದ ಕೆಲಸ. ರಶೀದಿ ಇಲ್ಲದಿದ್ದರೆ ಹೆಸರಿನಲ್ಲಿ ಹುಡುಕಬೇಕು, ಒಂದೇ ಹೆಸರಿನವರು ಹತ್ತು ಜನ ಸಿಗುತ್ತಾರೆ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಕಟ್ಟಬಹುದು. ದುಡ್ಡು ಕಟ್ ಆಗಿ ರಶೀದಿ ಬರಲಿಲ್ಲ ಅಂದರೆ ಗಾಬರಿ ಬೇಡ, ನನಗೆ ಒಂದು ಸಲ ಹಾಗಾಗಿ ಎರಡು ದಿನದಲ್ಲಿ ಸರಿಯಾಯಿತು. ಮನೆ ಬಾಗಿಲಿಗೆ ಬಂದವರಿಗೆ ಕೊಡುವುದಾದರೆ ಮಷೀನಿನ ರಶೀದಿ ಕೇಳಿ. ಕೈಬರಹದ ಚೀಟಿ ಬೇಡವೇ ಬೇಡ. ಹೆಂಗಸರಿಗೆ ಶೌಚಾಲಯ ಇದೆ, ಬೀಗದ ಕೈ ಕೇಳಬೇಕು. ಕಲ್ಲು ಬೆಂಚಿನ ಪಕ್ಕ ಕುಡಿಯುವ ನೀರಿನ ಡ್ರಮ್ ಇದೆ. ವಯಸ್ಸಾದವರಿಗೆ ಮೆಟ್ಟಿಲು ಸ್ವಲ್ಪ ಎತ್ತರ, ಹಿಡಿದುಕೊಳ್ಳಲು ಕಂಬಿ ಇಲ್ಲ.

ನಾನು ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಕಮ್ಮಿಯಾದ ಒಂದು ನಕ್ಷತ್ರ ಆ ಖರ್ಚಿನ ಪಟ್ಟಿಗೆ.

ಈಗ ಲೇಔಟಿನಲ್ಲಿ 46 ಮನೆಯಾಗಿದೆ. ಈ ಏಪ್ರಿಲ್‌ನಲ್ಲಿ ಪಾವಗಡ ಕಡೆಯಿಂದ ಬಂದ ಒಂದು ಹೊಸ ಸಂಸಾರವನ್ನು ಕೌಂಟರಿಗೆ ಕರೆದುಕೊಂಡು ಹೋಗಿದ್ದೆ. ಅವರ ಮನೆ ಹಿಂದಿನ ಸಾಲಿನಲ್ಲಿ, 11ಬಿ. ಅಲ್ಲಿ ಇನ್ನೂ ಒಂದೂ ಬಲ್ಬ್ ಇಲ್ಲ. ಆ ಹುಡುಗ, 'ಯಾಕಕ್ಕ ಕಟ್ಬೇಕು, ನಮ್ಗೆ ದೀಪಾನೇ ಇಲ್ವಲ್ಲ' ಎಂದು ಕೇಳಿದ. ನಾನು ಉತ್ತರ ಹೇಳಲಿಲ್ಲ. ಆಪರೇಟರ್ ರಶೀದಿಯ ಒಂದೊಂದು ಸಾಲನ್ನೂ ಅವನಿಗೆ ಓದಿ ಹೇಳಿದರು, ಅವನು ಕಟ್ಟಿದ. ಆಮೇಲೆ ಹೊಂಗೆ ಮರದ ಕೆಳಗೆ ಕೂತು ಇಬ್ಬರೂ ಸೇರಿ ಒಂದು ಅರ್ಜಿ ಬರೆದೆವು: ಹಿಂದಿನ ಎರಡು ಸಾಲಿಗೆ ಆರು ಬೀದಿ ದೀಪ ಬೇಕು, ಮುಂದಿನ ಗ್ರಾಮ ಸಭೆಯ ವಿಷಯ ಪಟ್ಟಿಯಲ್ಲಿ ಸೇರಿಸಿ. ಕೆಳಗೆ ಆ ಸಾಲಿನ ಒಂಬತ್ತು ಮನೆಯ ಈ ವರ್ಷದ ರಶೀದಿ ಸಂಖ್ಯೆ. ಸ್ವೀಕೃತಿ ಅವನ ಹತ್ತಿರ ಒಂದು, ನನ್ನ ಫೈಲಿನಲ್ಲಿ ಒಂದು.